ಕೇಸು ಮುಗಿದ ಮೇಲೆ ಶುರುವಾಗುವ ಕಥೆ

(ಬೆಳಗಾವಿಯಲ್ಲಿ ಸಿನಿಮಾ ಆಸಕ್ತರು ಮತ್ತು ಕಿರುಚಿತ್ರ ಮಾಡುವ ಹುಡುಗ ಹುಡುಗಿಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಓದಲು ಅನುಕೂಲ ಆಗಲಿ ಎಂದು ಅಲ್ಲಲ್ಲಿ ತಿದ್ದಿದ್ದೇನೆ.)

ನಮಸ್ಕಾರ. ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇವತ್ತು ನಾನು ನಾಲ್ಕು ಸಿನಿಮಾಗಳ ಕ್ಲೈಮ್ಯಾಕ್ಸ್ ಬಿಟ್ಟುಕೊಡುತ್ತೇನೆ. ಕಥೆಯ ಕಟ್ಟೋಣದ ಬಗ್ಗೆ ಮಾತಾಡುವಾಗ ಕೊನೆಯನ್ನು ಮುಚ್ಚಿಟ್ಟುಕೊಳ್ಳಲು ಆಗುವುದಿಲ್ಲ. ನೋಡದವರು ಬೇಜಾರಾಗಬೇಡಿ. ಈ ನಾಲ್ಕೂ ಕೊನೆ ಗೊತ್ತಿದ್ದೂ ನೋಡಿಸಿಕೊಳ್ಳುವ ಸಿನಿಮಾಗಳು.

ಮಾಮೂಲಿ ಪತ್ತೇದಾರಿ ಕಥೆ ಹೇಗಿರುತ್ತದೆ? ಒಂದು ಕೊಲೆ ಆಗುತ್ತದೆ. ತನಿಖೆ ಮಾಡುವವನು ಬರುತ್ತಾನೆ. ಸುಳಿವು ಸಿಗುತ್ತವೆ. ಕೊನೆಗೆ ಅವನು ಎಲ್ಲರನ್ನೂ ಕೂರಿಸಿ, ನಡೆದದ್ದು ಹೀಗೆ ಎಂದು ಹೇಳುತ್ತಾನೆ. ಅಲ್ಲಿ ಎರಡು ಕಥೆ ಇವೆ. ಒಂದು ಕೊಲೆಯ ಕಥೆ, ಇನ್ನೊಂದು ತನಿಖೆಯ ಕಥೆ. ಎರಡನೆಯದರ ಬೆನ್ನು ಹತ್ತಿ ನಾವು ಮೊದಲನೆಯದನ್ನು ಮುಟ್ಟುತ್ತೇವೆ. ತನಿಖೆ ಮಾಡುವವನನ್ನು ನಂಬಿದ್ದರಿಂದಲೇ ಇದು ಸಾಧ್ಯ.

ಈಗ ತನಿಖೆ ಮಾಡುವವನೇ ಕೊಲೆ ಮಾಡಿದವನು ಅಂದುಕೊಳ್ಳಿ. ಎಫ್‌ಐಆರ್ ಬರೆಯುವವನು ಅವನೇ. ಮಹಜರು ಮಾಡಿಸುವವನು ಅವನೇ. ಸಾಕ್ಷಿ ಯಾರು, ಆರೋಪಿ ಯಾರು, ಎಷ್ಟು ಗಂಟೆಗೆ ಏನಾಯಿತು ಎಂದು ಕಾಗದದ ಮೇಲೆ ಇಳಿಸುವವನೂ ಅವನೇ. ಬೇಲಿಯೇ ಹೊಲ ಮೇಯ್ದರೆ ಇನ್ನಾರಿಗೆ ದೂರುವೆ ಎಂದು ಬಸವಣ್ಣ ಹನ್ನೆರಡನೇ ಶತಮಾನದಲ್ಲೇ ಕೇಳಿದರು. ಬಾಗೇವಾಡಿಯಿಂದ ಕೂಡಲಸಂಗಮದವರೆಗಿನ ಈ ಸೀಮೆಯಲ್ಲಿ ಆ ವಚನ ಕೇಳದೆ ಬೆಳೆದವರು ಕಡಿಮೆ. ಸ್ಕ್ರಿಪ್ಟ್ ಬರೆಯಲು ಕೂತವನಿಗೆ ಇದು ಕಸುಬಿನ ಪ್ರಶ್ನೆಯೂ ಹೌದು. ಸತ್ಯ ಪ್ರೇಕ್ಷಕನ ಹತ್ತಿರ ಯಾವ ದಾರಿಯಲ್ಲಿ ಬರಬೇಕು? ಠಾಣೆಯ ದಾರಿ ಮುಚ್ಚಿದೆ. ಬೇರೆ ದಾರಿ ತೋಡಬೇಕು. ಪೊಲೀಸ್ ಭ್ರಷ್ಟಾಚಾರದ ಮೇಲಿನ ಒಳ್ಳೆಯ ನ್ವಾರ್ ಸಿನಿಮಾದ, ಅಂದರೆ ಅಪರಾಧ ಲೋಕದ ಕತ್ತಲೆ ತೋರಿಸುವ ಸಿನಿಮಾದ, ಅಷ್ಟೂ ಜಾಣ್ಮೆ ಇರುವುದು ಆ ದಾರಿ ತೋಡುವುದರಲ್ಲಿ. ಇದೇ ಇವತ್ತಿನ ನನ್ನ ಮಾತು.

ಫ್ರಿಟ್ಜ್ ಲ್ಯಾಂಗ್ 1953ರಲ್ಲಿ ಮಾಡಿದ 'ದಿ ಬಿಗ್ ಹೀಟ್' ತಗೊಳ್ಳಿ. ಮೊದಲ ಶಾಟ್‌ನಲ್ಲೇ ಮೇಜಿನ ಮೇಲೊಂದು ಪಿಸ್ತೂಲು. ಒಂದು ಕೈ ಅದನ್ನು ಎತ್ತಿಕೊಳ್ಳುತ್ತದೆ. ಗುಂಡಿನ ಸದ್ದು. ಸತ್ತವನು ಪೊಲೀಸ್. ಮೇಜಿನ ಮೇಲೆ ಅವನು ಬರೆದಿಟ್ಟ ಕಾಗದ ಇದೆ. ಹೆಂಡತಿ ಮೆಟ್ಟಿಲು ಇಳಿದು ಬರುತ್ತಾಳೆ. ಅಳುವುದಿಲ್ಲ. ಕಾಗದ ಓದುತ್ತಾಳೆ, ಎತ್ತಿಟ್ಟುಕೊಳ್ಳುತ್ತಾಳೆ, ಊರಿನ ದೊಡ್ಡ ಗೂಂಡಾನಿಗೆ ಫೋನ್ ಮಾಡುತ್ತಾಳೆ. ಕೆಲವೇ ನಿಮಿಷದಲ್ಲಿ ನಮಗೆ ಇಡೀ ವ್ಯವಸ್ಥೆ ಅರ್ಥವಾಗಿಬಿಡುತ್ತದೆ. ಇಲಾಖೆ ಯಾರ ಜೇಬಿನಲ್ಲಿದೆ ಅನ್ನುವುದು ಆ ಕಾಗದದಲ್ಲಿದೆ. ಕಾಗದ ಈಗ ಒಂದು ಆಸ್ತಿ. ಅದು ಬಚ್ಚಿಟ್ಟಿರುವವರೆಗೆ ಅವಳಿಗೆ ದುಡ್ಡು ಬರುತ್ತದೆ. ಅವಳು ಸತ್ತರೆ ಕಾಗದ ಹೊರಗೆ ಬರುತ್ತದೆ.

ತಪ್ಪು ಮಾಡಿದವರು ಯಾರು ಎಂದು ಇಲ್ಲಿ ಹುಡುಕಬೇಕಾಗಿಲ್ಲ. ನಮಗೆ ಮೊದಲೇ ಗೊತ್ತು. ಆದರೂ ಒಂದೂವರೆ ಗಂಟೆ ಕೂತು ನೋಡುತ್ತೇವೆ. ಯಾಕೆಂದರೆ ಸಿನಿಮಾ ಕೇಳುವ ಪ್ರಶ್ನೆಯೇ ಬೇರೆ. ಆ ಕಾಗದ ಯಾರ ಕೈಯಿಂದ ಹೊರಗೆ ಬರುತ್ತದೆ, ಅದಕ್ಕೆ ಯಾರು ಬೆಲೆ ತೆರುತ್ತಾರೆ? ನಾಯಕ ಬ್ಯಾನಿಯನ್‌ಗೆ ಇಟ್ಟ ಕಾರ್ ಬಾಂಬಿಗೆ ಅವನ ಹೆಂಡತಿ ಸಾಯುತ್ತಾಳೆ. ಆ ಗೂಂಡಾನ ಬಂಟನೊಬ್ಬನ ಗೆಳತಿ ಡೆಬಿಯ ಮುಖಕ್ಕೆ ಕುದಿಯುವ ಕಾಫಿ ಬೀಳುತ್ತದೆ. ಕೊನೆಗೆ ಆ ವಿಧವೆಯನ್ನು ಗುಂಡಿಕ್ಕಿ ಕಾಗದವನ್ನು ಹೊರಗೆ ತರುವವಳು ಡೆಬಿ. ಪೊಲೀಸ್ ನಾಯಕನಿಗೆ ಮಾಡಲಾಗದ ಕೆಲಸವನ್ನು ಅವಳು ಮಾಡುತ್ತಾಳೆ. ಅವನ ಕೈ ಸ್ವಚ್ಛ ಉಳಿಯುತ್ತದೆ, ಅವಳು ಸಾಯುತ್ತಾಳೆ. ನೋಡಿದಾಗಲೆಲ್ಲ ನನಗೆ ಈ ಜಾಗದಲ್ಲಿ ಸಂಕಟ ಆಗುತ್ತದೆ. ಆಗಿನ ಹಾಲಿವುಡ್‌ನಲ್ಲಿ 1934ರಿಂದ ಕಟ್ಟುನಿಟ್ಟಾಗಿ ಜಾರಿಗೆ ಬಂದ ಪ್ರೊಡಕ್ಷನ್ ಕೋಡ್ ಇತ್ತು. ಅಪರಾಧಕ್ಕೆ ಶಿಕ್ಷೆ ಆಗಲೇಬೇಕು, ಕಾನೂನಿನ ಮರ್ಯಾದೆ ಉಳಿಯಲೇಬೇಕು. ಹಾಗಾಗಿ ಆ ಕಾಲದ ಸಿನಿಮಾಗಳ ಕೊನೆ ನೋಡುವಾಗ ಅರ್ಧ ನಿರ್ದೇಶಕನದು, ಅರ್ಧ ಕೋಡಿನದು ಎಂದು ನೆನಪಿಟ್ಟುಕೊಂಡು ನೋಡಬೇಕು.

ಆರ್ಸನ್ ವೆಲ್ಸ್ 1958ರಲ್ಲಿ ಮಾಡಿದ 'ಟಚ್ ಆಫ್ ಈವಿಲ್' ಬಗ್ಗೆ ಎಲ್ಲರೂ ಹೇಳುವುದು ಮೊದಲಿನ ಉದ್ದನೆಯ ಶಾಟ್ ಬಗ್ಗೆ. ಕಾರಿನಲ್ಲಿ ಬಾಂಬ್ ಇಡುತ್ತಾರೆ, ಕ್ಯಾಮೆರಾ ಮೂರು ನಿಮಿಷಕ್ಕೂ ಜಾಸ್ತಿ ಹೊತ್ತು ಕಟ್ ಇಲ್ಲದೆ ಊರೊಳಗೆ ಸುತ್ತುತ್ತದೆ. ಅದು ಅದ್ಭುತವೇ. ಆದರೆ ಕಥೆ ಬರೆಯುವವರು ಕಣ್ಣಿಟ್ಟು ನೋಡಬೇಕಾದದ್ದು ಒಂದು ಶೂ ಡಬ್ಬಿಯನ್ನು.

ಸ್ಯಾಂಚೆಜ್ ಎಂಬ ಹುಡುಗನ ಮೇಲೆ ಅನುಮಾನ. ಅವನ ಮನೆಯಲ್ಲಿ ವಿಚಾರಣೆ ನಡೆಯುತ್ತಿದೆ. ಮೆಕ್ಸಿಕೋದ ಅಧಿಕಾರಿ ವರ್ಗಾಸ್ ಕೈ ತೊಳೆಯಲು ಬಾತ್‌ರೂಮಿಗೆ ಹೋಗುತ್ತಾನೆ. ಅಲ್ಲೊಂದು ಶೂ ಡಬ್ಬಿ ಕೈತಾಗಿ ಬೀಳುತ್ತದೆ. ಖಾಲಿ. ನಾವೂ ನೋಡುತ್ತೇವೆ, ಅಷ್ಟೊಂದು ಗಮನ ಕೊಡುವುದಿಲ್ಲ. ಸ್ವಲ್ಪ ಹೊತ್ತಿಗೆ ಪೊಲೀಸರು ಅದೇ ಡಬ್ಬಿಯಲ್ಲಿ ಎರಡು ಡೈನಮೈಟ್ ಕಡ್ಡಿ ಸಿಕ್ಕವು ಎನ್ನುತ್ತಾರೆ. ಆ ಕ್ಷಣದಲ್ಲಿ ಸಿನಿಮಾದ ದಿಕ್ಕೇ ಬದಲಾಗುತ್ತದೆ. ಬಾಂಬ್ ಇಟ್ಟವರು ಯಾರು ಎಂಬ ಪ್ರಶ್ನೆ ಹಿಂದೆ ಸರಿಯಿತು. ಡಬ್ಬಿಯಲ್ಲಿ ಕಡ್ಡಿ ಇಟ್ಟವರು ಯಾರು ಎಂಬುದು ಮುಂದೆ ಬಂತು. ಸಾಕ್ಷಿ ಹುಟ್ಟಿಸುವುದನ್ನು ಮೂವತ್ತು ವರ್ಷದಿಂದ ಕಸುಬು ಮಾಡಿಕೊಂಡ ಹ್ಯಾಂಕ್ ಕ್ವಿನ್ಲನ್ ಎಂಬ ಪೊಲೀಸ್ ಅಧಿಕಾರಿಯ ಕಥೆ ಆಯಿತು ಅದು. ಆ ಪಾತ್ರವನ್ನು ವೆಲ್ಸ್ ಅವರೇ ಮಾಡಿದ್ದಾರೆ.

ಇಲ್ಲಿ ಪ್ರೇಕ್ಷಕನನ್ನೇ ಪಂಚ, ಅಂದರೆ ಮಹಜರಿನ ಸಾಕ್ಷಿ, ಮಾಡಿದ್ದಾರೆ, ಗಮನಿಸಿದಿರಾ? ಖಾಲಿ ಡಬ್ಬಿಯನ್ನು ನಾವು ಕಣ್ಣಾರೆ ಕಂಡಿದ್ದೇವೆ. ಯಾವ ಫೈಲಿನಲ್ಲೂ ಇಲ್ಲದ ಸತ್ಯ ನಮ್ಮ ಹತ್ತಿರ ಇದೆ. ಆದರೆ ನಾವು ಹೋಗಿ ಹೇಳಲು ಆಗುವುದಿಲ್ಲ. ಈ ಚಡಪಡಿಕೆಯೇ ಉಳಿದ ಸಿನಿಮಾವನ್ನು ಎಳೆದುಕೊಂಡು ಹೋಗುತ್ತದೆ.

ಇದೇ ದೃಶ್ಯವನ್ನು ನಮ್ಮ ಕಡೆ ತಂದು ನೋಡಿ. ನಮ್ಮ ಕಾನೂನಿನಲ್ಲಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲೇ ಇತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲೂ ಇದೆ. ಆದರೆ ಆರೋಪಿ ಕೊಟ್ಟ ಮಾಹಿತಿಯಿಂದ ಒಂದು ಸಂಗತಿ ಪತ್ತೆಯಾದರೆ, ಮಾಹಿತಿಯ ಅಷ್ಟು ಭಾಗಕ್ಕೆ ಬೆಲೆ ಇದೆ. ಅವನು ತೋರಿಸಿದ ಜಾಗದಲ್ಲಿ ಚಾಕು ಸಿಕ್ಕಿತು, ಒಡವೆ ಸಿಕ್ಕಿತು ಎಂದು ಕೇಸುಗಳಲ್ಲಿ ಓದುತ್ತೇವಲ್ಲ, ಅದು ಇದೇ. ಹಾಗಾದರೆ ಕೆಟ್ಟ ಪೊಲೀಸನ ಕೈ ಯಾವುದರ ಮೇಲೆ ಹೋಗುತ್ತದೆ? ವಸ್ತುವಿನ ಮೇಲೆ. ಶೂ ಡಬ್ಬಿ ನಮ್ಮ ಕಥೆಗಳಲ್ಲಿ ಅಮೆರಿಕಕ್ಕಿಂತ ಹೆಚ್ಚು ತೂಕ ಪಡೆಯುತ್ತದೆ. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನ ಪ್ರಕಾರ ಶೋಧ ಮತ್ತು ಜಪ್ತಿಯನ್ನು ವಿಡಿಯೋ ಮಾಡಬೇಕು. ಇವತ್ತು ಈ ದೃಶ್ಯ ಬರೆಯುವವರು ಮೊಬೈಲ್ ಕ್ಯಾಮೆರಾವನ್ನು ಲೆಕ್ಕಕ್ಕೆ ತಗೊಳ್ಳಲೇಬೇಕು. ವಿಡಿಯೋ ಶುರುವಾಗುವ ಮೊದಲು ಆ ಕೋಣೆಯಲ್ಲಿ ಯಾರಿದ್ದರು? ಒಂದು ಇಡೀ ಸಿನಿಮಾ ಈ ಪ್ರಶ್ನೆಯ ಮೇಲೆ ನಿಲ್ಲುತ್ತದೆ. ನಮ್ಮ ಬರಹಗಾರರು ಇಂಥದ್ದನ್ನು ಇನ್ನೂ ಸರಿಯಾಗಿ ಮುಟ್ಟಿಲ್ಲ, ನನಗೆ ಅದು ನಿಜಕ್ಕೂ ಬೇಸರದ ವಿಷಯ.

ಕ್ವಿನ್ಲನ್‌ನ ಕಥೆಯ ಕೊನೆಗೆ ಬರುತ್ತೇನೆ. ಅವನನ್ನು ಹಿಡಿದುಕೊಡುವವನು ಮೆನ್ಜಿಸ್. ವರ್ಷಾನುಗಟ್ಟಲೆ ಅವನ ಜೊತೆಗಿದ್ದವನು, ಅವನನ್ನು ದೇವರಂತೆ ಕಂಡವನು. ಮೈಮೇಲೆ ಮೈಕ್ ಕಟ್ಟಿಕೊಂಡು ರಾತ್ರಿ ಅವನ ಪಕ್ಕ ನಡೆಯುತ್ತಾನೆ. ಸೇತುವೆಯ ಕೆಳಗೆ ವರ್ಗಾಸ್ ರೆಕಾರ್ಡರ್ ಹೊತ್ತು ನೀರಿನಲ್ಲಿ ಹಿಂಬಾಲಿಸುತ್ತಾನೆ. ಕ್ವಿನ್ಲನ್‌ಗೆ ತನ್ನದೇ ದನಿ ಪ್ರತಿಧ್ವನಿಯಾಗಿ ಕೇಳಿಸುತ್ತದೆ. ಗೆಳೆಯ ಏನು ಮಾಡಿದ್ದಾನೆ ಎಂದು ಅಲ್ಲಿ ಗೊತ್ತಾಗುತ್ತದೆ.

ಬೆಳಗಾವಿಯಲ್ಲಿ ಕೂತು ಈ ದೃಶ್ಯ ನೋಡುವವರಿಗೆ 'ಸಂಗ್ಯಾ ಬಾಳ್ಯಾ' ನೆನಪಾಗದೆ ಇರುತ್ತದೆಯೇ? ಬೈಲಹೊಂಗಲದ ಕಡೆ ನಡೆದದ್ದು ಎಂದೇ ಜನ ಹೇಳುವ ಕಥೆ. ರಾತ್ರಿಯಿಡೀ ಆಡುವ ಸಣ್ಣಾಟ, ನಮ್ಮ ಕಡೆಯ ಜಾನಪದ ನಾಟಕ. ಸಂಗ್ಯಾ ಸಾಯುತ್ತಾನೆ ಎಂದು ಕಂಬಳಿ ಹಾಸಿ ಕೂತ ಮುದುಕರಿಂದ ಮಕ್ಕಳವರೆಗೆ ಎಲ್ಲರಿಗೂ ಗೊತ್ತು. ಆದರೂ ಯಾರೂ ಎದ್ದು ಹೋಗುವುದಿಲ್ಲ. ಜೀವದ ಗೆಳೆಯ ಬಾಳ್ಯಾ ಅವನನ್ನು ವೈರಿಗಳ ಕೈಗೆ ಒಪ್ಪಿಸುವ ಘಳಿಗೆ ಬರಬೇಕು, ಅದಕ್ಕೆ ಕಾಯುತ್ತಾರೆ. ಕೊನೆಯನ್ನು ಮೊದಲೇ ಕೊಟ್ಟು, ದ್ರೋಹದ ಕ್ಷಣಕ್ಕೆ ಪ್ರೇಕ್ಷಕನನ್ನು ಕಾಯಿಸುವ ವಿದ್ಯೆ ನಮ್ಮ ಆಟದ ಅಟ್ಟದ ಮೇಲೆ ಬಹಳ ಹಿಂದೆಯೇ ಇತ್ತು. ಟ್ವಿಸ್ಟ್ ಇಲ್ಲದಿದ್ದರೆ ಜನ ನೋಡುವುದಿಲ್ಲ ಎನ್ನುವ ಗೆಳೆಯರು ಒಮ್ಮೆ ಹಳ್ಳಿಗೆ ಹೋಗಿ ಆ ಆಟ ಪೂರ್ತಿ ನೋಡಬೇಕು.

ವೆಲ್ಸ್ ಇನ್ನೊಂದು ಏಟು ಉಳಿಸಿಕೊಂಡಿದ್ದಾರೆ. ಕ್ವಿನ್ಲನ್ ಸತ್ತ ಹೊತ್ತಿಗೆ ಸುದ್ದಿ ಬರುತ್ತದೆ, ಸ್ಯಾಂಚೆಜ್ ತಪ್ಪೊಪ್ಪಿಕೊಂಡಿದ್ದಾನಂತೆ. ಅಂದರೆ ಸುಳ್ಳು ಸಾಕ್ಷಿ ಇಟ್ಟವನ ಊಹೆ ಸರಿಯಾಗಿತ್ತು! ಈ ಒಂದು ಸಾಲು ಬರದೇ ಇದ್ದಿದ್ದರೆ ನಾವು ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದೆವು. ಊಹೆ ಸರಿ ಇದ್ದರೂ ಡಬ್ಬಿಯಲ್ಲಿ ಕಡ್ಡಿ ಇಡುವ ಹಕ್ಕು ಯಾರಿಗೂ ಇಲ್ಲ ಎಂದು ಒಪ್ಪುವುದು ಎಷ್ಟು ಕಷ್ಟ ಅಂತ ಈ ಸಾಲು ನಮಗೇ ತೋರಿಸಿಕೊಡುತ್ತದೆ. ಸ್ಟುಡಿಯೋದವರು ಸಿನಿಮಾವನ್ನು ತಮಗೆ ಬೇಕಾದಂತೆ ಕತ್ತರಿಸಿದಾಗ ವೆಲ್ಸ್ 58 ಪುಟದ ಪತ್ರ ಬರೆದಿದ್ದರು. ಅದನ್ನು ಆಧರಿಸಿ ವಾಲ್ಟರ್ ಮರ್ಚ್ 1998ರಲ್ಲಿ ಮತ್ತೆ ಎಡಿಟ್ ಮಾಡಿದರು. ನೋಡುವುದಾದರೆ ಆ ರೂಪವನ್ನು ನೋಡಿ.

ಈಗ ನನಗೆ ಬಹಳ ಇಷ್ಟವಾದ 'ಎಲ್.ಎ. ಕಾನ್ಫಿಡೆನ್ಷಿಯಲ್'. 1997ರದು. ಕರ್ಟಿಸ್ ಹ್ಯಾನ್ಸನ್ ನಿರ್ದೇಶನ, ಜೇಮ್ಸ್ ಎಲ್‌ರಾಯ್ ಕಾದಂಬರಿ. ಹ್ಯಾನ್ಸನ್ ಮತ್ತು ಬ್ರಯಾನ್ ಹೆಲ್ಗೆಲ್ಯಾಂಡ್ ಬರೆದ ಚಿತ್ರಕಥೆಗೆ ಆಸ್ಕರ್ ಬಂತು. ಕಾದಂಬರಿ ಒಂದು ಕಾಡು. ಮೂವರು ಪೊಲೀಸರಲ್ಲಿ ಒಬ್ಬರೂ ಇಲ್ಲದ ದೃಶ್ಯಗಳನ್ನು ಮೊದಲು ತೆಗೆದುಹಾಕಿ, ಉಳಿದದ್ದರಿಂದ ಅವರು ಕಥೆ ಕಟ್ಟಿದರು. ಸ್ಕ್ರಿಪ್ಟ್ ಬರೆಯುವವರು ಇದನ್ನು ಬರೆದಿಟ್ಟುಕೊಳ್ಳಿ.

ಆ ಮೂವರು ಯಾರು? ನಿಯಮ ಬಿಡದ, ಬಡ್ತಿ ಬಿಡದ ಎಕ್ಸ್ಲಿ. ಕೈ ಮೊದಲು, ಮಾತು ಆಮೇಲೆ ಎನ್ನುವ ಬಡ್ ವೈಟ್. ಪತ್ರಿಕೆಯವನಿಂದ ದುಡ್ಡು ತಗೊಂಡು ಫೋಟೋ ಸಮೇತ ರೇಡ್ ಮಾಡುವ ಜ್ಯಾಕ್ ವಿನ್ಸೆನ್ಸ್. ಸಿನಿಮಾದ ಆರಂಭದಲ್ಲಿ ಬರುವ ಲಾಕಪ್ ಹೊಡೆತದ ಪ್ರಸಂಗ 1951ರ ಕ್ರಿಸ್ಮಸ್ ದಿನ ಲಾಸ್ ಏಂಜಲೀಸ್‌ನಲ್ಲಿ ನಿಜವಾಗಿ ನಡೆದ ಘಟನೆಯಿಂದ ಬಂದದ್ದು. ಆ ರಾತ್ರಿಯಿಂದ ಮೂವರೂ ಬೇರೆ ಬೇರೆ ದಾರಿ ಹಿಡಿಯುತ್ತಾರೆ. ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗುವುದಿಲ್ಲ. ಆಮೇಲೆ ನೈಟ್ ಔಲ್ ಎಂಬ ಕಾಫಿ ಅಂಗಡಿಯಲ್ಲಿ ಸಾಮೂಹಿಕ ಕೊಲೆ. ಮೂವರ ಹತ್ತಿರವೂ ಸತ್ಯದ ಒಂದೊಂದು ಚೂರು ಇದೆ. ಕೂಡಿಸಿದರೆ ಪೂರ್ತಿ ಸಿಗುತ್ತದೆ. ಆದರೆ ಅವರ ನಡುವಿನ ದ್ವೇಷ ಕೂಡಲು ಬಿಡುವುದಿಲ್ಲ. ಭ್ರಷ್ಟ ಮೇಲಧಿಕಾರಿಗೆ ಬೇಕಾದದ್ದೂ ಇದೇ ಅಲ್ವಾ? ಮೂರು ಎಳೆಯ ಕಥೆ ಇಲ್ಲಿ ಸುಮ್ನೆ ಶೋಕಿಗೆ ಬಂದಿಲ್ಲ. ಇಲಾಖೆ ನಡೆಯುವ ರೀತಿಯೇ ಕಥೆಯ ರೀತಿ ಆಗಿದೆ.

ಸಿನಿಮಾದ ಸುಮಾರು ನಡುವಿಗೆ ಕೇಸು ಮುಗಿಯುತ್ತದೆ. ಮೂವರು ಕಪ್ಪು ಯುವಕರನ್ನು ಹಿಡಿಯುತ್ತಾರೆ, ಅವರು ತಪ್ಪಿಸಿಕೊಳ್ಳುತ್ತಾರೆ, ಎಕ್ಸ್ಲಿ ಗುಂಡಿಕ್ಕುತ್ತಾನೆ. ಪದಕ, ಚಪ್ಪಾಳೆ. ಬೇರೆ ಸಿನಿಮಾ ಆಗಿದ್ದರೆ ಇಲ್ಲಿಗೆ ಶುಭಂ. ಆಮೇಲೆ ಒಂದು ಪುಟ್ಟ ದೃಶ್ಯ ಬರುತ್ತದೆ. ಆ ಯುವಕರಿಂದ ಅತ್ಯಾಚಾರಕ್ಕೆ ಒಳಗಾದ ಹುಡುಗಿ ಇನೆಜ್. ಅವರು ತನ್ನನ್ನು ಬಿಟ್ಟು ಹೋದ ಹೊತ್ತನ್ನು ತಾನು ಸುಳ್ಳು ಹೇಳಿದ್ದೆ ಎನ್ನುತ್ತಾಳೆ. ಅವರು ಕೊಲೆಗಾರರೂ ಆಗದಿದ್ದರೆ ಒಬ್ಬ ಬಡ ಮೆಕ್ಸಿಕನ್ ಹುಡುಗಿಯ ಮೇಲಾದ ಅತ್ಯಾಚಾರವನ್ನು ಯಾರು ಕೇಳುತ್ತಿದ್ದರು ಎನ್ನುವುದು ಅವಳ ಮಾತಿನ ಅರ್ಥ.

ಇಡೀ ಸಿನಿಮಾ ಈ ಮಾತಿನ ಮೇಲೆ ತಿರುಗುತ್ತದೆ. ಅವಳು ಸುಳ್ಳು ಹೇಳಿದ್ದು ಹೌದು. ಆದರೆ ಆ ಸುಳ್ಳನ್ನು ಹೇಳಿಸಿದ್ದು ಯಾರು? ಅವಳ ದೂರಿಗೆ ಆ ಠಾಣೆಯಲ್ಲಿ ಜಾಗ ಇರಲಿಲ್ಲ. ಮೇಲಿನವರ ದೊಡ್ಡ ಸುಳ್ಳಿಗೆ ಅವಳ ಸಣ್ಣ ಸುಳ್ಳು ಸರಿಯಾಗಿ ಹೊಂದಿಕೊಂಡಿತು. ಕೇಸು ಮುಚ್ಚಿತು. ಆ ದೃಶ್ಯದ ನಂತರ ಎಕ್ಸ್ಲಿ ತನ್ನ ಪದಕಕ್ಕೆ ವಿರುದ್ಧವಾಗಿ ತನಿಖೆ ಮಾಡಬೇಕಾಗುತ್ತದೆ.

ಇನ್ನು ರೋಲೋ ತೋಮಾಸಿ. ಎಕ್ಸ್ಲಿಯ ತಂದೆಯೂ ಪೊಲೀಸ್. ಪರ್ಸ್ ಕದಿಯುವವನೊಬ್ಬ ಅವರನ್ನು ಕೊಂದು ತಪ್ಪಿಸಿಕೊಂಡ. ಹೆಸರೂ ಗೊತ್ತಾಗಲಿಲ್ಲ. ಆ ಅನಾಮಿಕನಿಗೆ ಎಕ್ಸ್ಲಿ ತಾನೇ ಇಟ್ಟ ಹೆಸರು ಅದು. ಈ ಗುಟ್ಟನ್ನು ಅವನು ಜ್ಯಾಕ್‌ಗೆ ಮಾತ್ರ ಹೇಳುತ್ತಾನೆ. ಮುಂದೆ ಜ್ಯಾಕ್ ಒಂದು ರಾತ್ರಿ ಮೇಲಧಿಕಾರಿ ಕ್ಯಾಪ್ಟನ್ ಡಡ್ಲಿ ಸ್ಮಿತ್ ಮನೆಗೆ ಹೋಗುತ್ತಾನೆ. ಅಡುಗೆಮನೆಯಲ್ಲಿ ಮಾತು. ಇದನ್ನೆಲ್ಲ ಎಕ್ಸ್ಲಿಗೆ ಹೇಳಿದ್ದೀಯಾ ಎಂದು ಡಡ್ಲಿ ಕೇಳುತ್ತಾನೆ. ಇಲ್ಲ ಎಂದು ಗೊತ್ತಾದ ಮೇಲೆ ಗುಂಡು ಹಾರಿಸುತ್ತಾನೆ. ಯಾವ ಸಂಗೀತದ ಎಚ್ಚರಿಕೆಯೂ ಇಲ್ಲ. ಜ್ಯಾಕ್ ಸಾಯುವಾಗ ನಕ್ಕು ಎರಡೇ ಪದ ಹೇಳುತ್ತಾನೆ: ರೋಲೋ ತೋಮಾಸಿ.

ಈಗ ಲೆಕ್ಕ ಹಾಕಿ. ಕೊಲೆಗಾರ ಯಾರು ಎಂದು ನಮಗೆ ಗೊತ್ತು, ಎಕ್ಸ್ಲಿಗೆ ಗೊತ್ತಿಲ್ಲ. ಆ ಹೆಸರಿನ ಅರ್ಥ ಎಕ್ಸ್ಲಿಗೆ ಗೊತ್ತು, ಡಡ್ಲಿಗೆ ಗೊತ್ತಿಲ್ಲ. ಡಡ್ಲಿ ತನಿಖೆಯ ನೆಪದಲ್ಲಿ ಎಕ್ಸ್ಲಿಯನ್ನೇ ಕೇಳುತ್ತಾನೆ, ಈ ಹೆಸರು ಕೇಳಿದ್ದೀಯಾ ಅಂತ. ಎಕ್ಸ್ಲಿಯ ಮುಖ ಅಲುಗುವುದಿಲ್ಲ. ನಮ್ಮ ಎದೆ ಮಾತ್ರ ಹೊಡೆದುಕೊಳ್ಳುತ್ತದೆ. ಸತ್ತವನೊಬ್ಬ ತನ್ನ ಕೊಲೆಗಾರನ ಬಾಯಿಂದಲೇ ಗೆಳೆಯನಿಗೆ ಸುದ್ದಿ ಮುಟ್ಟಿಸಿದ್ದಾನೆ. ಠಾಣೆಯ ಯಾವ ಕಾಗದದಲ್ಲೂ ಆ ಹೆಸರಿಲ್ಲ, ಅದಕ್ಕೇ ಅದನ್ನು ಅಳಿಸಲು ಆಗುವುದಿಲ್ಲ. ಈ ಹೆಸರು ಕಾದಂಬರಿಯಲ್ಲಿ ಇಲ್ಲ, ಚಿತ್ರಕಥೆಗಾರರು ಹುಟ್ಟಿಸಿದ್ದು. ಇದಕ್ಕಿಂತ ಚೊಕ್ಕವಾಗಿ ಒಂದು ಗುಟ್ಟನ್ನು ಕೈ ದಾಟಿಸಿದ ಇನ್ನೊಂದು ಸಿನಿಮಾ ನಾನು ನೋಡಿಲ್ಲ.

ಕೊನೆಯೂ ಅಷ್ಟೇ ಗಟ್ಟಿ. ಶುರುವಿನಲ್ಲಿ ಡಡ್ಲಿ ಎಕ್ಸ್ಲಿಯನ್ನು ಕೇಳಿರುತ್ತಾನೆ: ಸುಳ್ಳು ಸಾಕ್ಷಿ ಇಡುತ್ತೀಯಾ? ಹೊಡೆದು ಒಪ್ಪಿಸುತ್ತೀಯಾ? ವಕೀಲರು ಬಿಡಿಸಿಬಿಡುತ್ತಾರೆ ಎಂದು ಗೊತ್ತಿದ್ದರೆ ಅಪರಾಧಿಗೆ ಬೆನ್ನಿಗೆ ಗುಂಡಿಡುತ್ತೀಯಾ? ಮೂರಕ್ಕೂ ಎಕ್ಸ್ಲಿ ಇಲ್ಲ ಎಂದಿರುತ್ತಾನೆ. ಕೊನೆಗೆ ಸೈರನ್ ಹತ್ತಿರ ಬರುತ್ತಿರುವಾಗ ಅವನು ಡಡ್ಲಿಗೆ ಗುಂಡು ಹೊಡೆಯುವುದು ಬೆನ್ನಿಗೇ. ಇಲಾಖೆ ಡಡ್ಲಿಯನ್ನು ಹುತಾತ್ಮ ಮಾಡುತ್ತದೆ, ಎಕ್ಸ್ಲಿಗೆ ಇನ್ನೊಂದು ಪದಕ ಹಾಕುತ್ತದೆ. ಫೈಲು ಕೊನೆಯವರೆಗೂ ಸುಳ್ಳೇ.

ನಮ್ಮ ಎಷ್ಟೋ ಪೊಲೀಸ್ ಸಿನಿಮಾಗಳು ಇದೇ ಜಾಗದಲ್ಲಿ ಶಿಳ್ಳೆ ಕೇಳುತ್ತವೆ. ಒಬ್ಬ ಕೆಟ್ಟ ಮೇಲಧಿಕಾರಿ, ಒಬ್ಬ ಮಂತ್ರಿ, ಕೊನೆಗೆ ಹೀರೋ ಕೈಯಿಂದ ಎನ್‌ಕೌಂಟರ್. ಕ್ವಿನ್ಲನ್ ಮಾಡಿದ್ದೂ ಇದನ್ನೇ. ತಾನೇ ತೀರ್ಪು ಕೊಟ್ಟ, ತಾನೇ ಸಾಕ್ಷಿ ತಯಾರಿಸಿದ. ಎನ್‌ಕೌಂಟರ್‌ಗೆ ಚಪ್ಪಾಳೆ ಕೇಳುವ ಸಿನಿಮಾ ಕ್ವಿನ್ಲನ್ ಪಕ್ಷದಲ್ಲಿದೆ. ನಾನು ಇದನ್ನು ಖಡಾಖಂಡಿತವಾಗಿ ಹೇಳುತ್ತೇನೆ. ನಮ್ಮಲ್ಲಿ ಇಂಟರ್ವಲ್ ಎಂಬ ಒಳ್ಳೆಯ ಸಾಧನ ಇದೆ. ಕೇಸು ಮುಚ್ಚಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಪ್ರೇಕ್ಷಕ ಎಲ್ಲ ಮುಗಿಯಿತು ಎಂದುಕೊಂಡು ಚಹಾ ಕುಡಿಯಲು ಹೋಗಲಿ, ವಾಪಸ್ ಬಂದಾಗ ಒಂದು ಗಂಟೆಯ ಲೆಕ್ಕ ತಾಳೆ ಆಗದಿರಲಿ. ನಾವು ಅಲ್ಲಿ ಸುಮ್ನೆ ಬಾಂಬ್ ಸಿಡಿಸಿ ಮುಗಿಸುತ್ತೇವೆ.

ನಾಲ್ಕನೆಯದು ನಮ್ಮ ದೇಶದ್ದೇ, ಗೋವಿಂದ ನಿಹಲಾನಿ ಅವರ 1983ರ 'ಅರ್ಧ ಸತ್ಯ'. ಎಸ್.ಡಿ. ಪಾನವಲಕರ್ ಅವರ ಮರಾಠಿ ಕಥೆ, ವಿಜಯ ತೆಂಡೂಲ್ಕರ್ ಚಿತ್ರಕಥೆ. ಮರಾಠಿ ಓದುವವರು ಇಲ್ಲಿ ಬಹಳ ಜನ ಇದ್ದೀರಿ, ಹೆಚ್ಚು ಹೇಳಬೇಕಾಗಿಲ್ಲ. ಓಂ ಪುರಿಯವರ ಸಬ್ ಇನ್‌ಸ್ಪೆಕ್ಟರ್ ವೇಲಣಕರ್ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು.

ಇಲ್ಲಿ ಕಟ್ಟೋಣ ಪೂರ್ತಿ ಬೇರೆ. ಒಗಟು ಇಲ್ಲ, ಕಾಗದ ಇಲ್ಲ, ಡಬ್ಬಿ ಇಲ್ಲ. ಗೂಂಡಾ ರಾಮಾ ಶೆಟ್ಟಿ ಎಂಥವನು ಎಂದು ಊರಿಗೆಲ್ಲ ಗೊತ್ತು. ಹಿಡಿದವರನ್ನು ಬಿಡಿ ಎಂದು ಮೇಲಿನಿಂದ ಫೋನ್ ಬರುತ್ತದೆ, ಅದೂ ಎಲ್ಲರಿಗೂ ಗೊತ್ತು. ಅಮೆರಿಕದ ನ್ವಾರ್‌ಗೆ ಬಯಲಾಗಲು ಒಂದು ಗುಟ್ಟು ಬೇಕು. ನಮ್ಮಲ್ಲಿ ಗುಟ್ಟೇ ಇಲ್ಲ, ಚಹಾದಂಗಡಿಯಲ್ಲಿ ಮಾತಾಡುವ ವಿಷಯ ಅದು. ಹಾಗಾಗಿ ನಿಹಲಾನಿ ಬೇರೆ ಪ್ರಶ್ನೆ ಹಿಡಿದರು: ಈ ಮನುಷ್ಯ ಯಾವಾಗ ಮುರಿಯುತ್ತಾನೆ? ಕಾನ್‌ಸ್ಟೇಬಲ್ ಆಗಿದ್ದ ಕ್ರೂರಿ ತಂದೆ, ತಪ್ಪಿದ ಮನ್ನಣೆ, ಕುಡಿತ. ಪ್ರತಿ ದೃಶ್ಯದಲ್ಲೂ ಒಂದೊಂದು ಬಾಗಿಲು ಮುಚ್ಚುತ್ತದೆ. ನಡುವೆ ಅವನು ದಿಲೀಪ್ ಚಿತ್ರೆಯವರ ಪದ್ಯ ಓದುತ್ತಾನೆ, ಚಕ್ರವ್ಯೂಹದ ಪದ್ಯ. ಮುಂದೆ ಆಗುವುದೆಲ್ಲ ಅಲ್ಲೇ ಇದೆ. ಲಾಕಪ್ಪಿನಲ್ಲಿ ಅವನ ಹೊಡೆತಕ್ಕೆ ಒಬ್ಬ ಸಣ್ಣ ಕಳ್ಳ ಸಾಯುತ್ತಾನೆ. ಉಳಿಯಲು ಅವನು ರಾಮಾ ಶೆಟ್ಟಿಯ ಮನೆ ಬಾಗಿಲಿಗೇ ಹೋಗಬೇಕಾಗುತ್ತದೆ. ಶೆಟ್ಟಿ ಕಾಪಾಡುತ್ತೇನೆ ಎನ್ನುತ್ತಾನೆ, ಬೆಲೆ ಹೇಳುತ್ತಾನೆ. ವೇಲಣಕರ್ ಅವನ ಕತ್ತು ಹಿಸುಕಿ, ಠಾಣೆಗೆ ಹೋಗಿ ಶರಣಾಗುತ್ತಾನೆ.

ಇದಕ್ಕೂ ಎನ್‌ಕೌಂಟರ್ ಸಿನಿಮಾಕ್ಕೂ ಏನು ವ್ಯತ್ಯಾಸ ಎಂದು ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ವೇಲಣಕರ್ ಕೈಯಲ್ಲಿ ಆಗಲೇ ಒಬ್ಬ ಬಡವ ಸತ್ತಿದ್ದಾನೆ. ಸಿನಿಮಾ ಅದನ್ನು ಒಂದು ಕ್ಷಣವೂ ಮರೆಯಲು ಬಿಡುವುದಿಲ್ಲ. ಆ ಕಳ್ಳನ ಸಾವು ಶೆಟ್ಟಿಯ ಸಾವಿಗಿಂತ ಮೊದಲು ಬರುವುದರಿಂದ ಕೊನೆಯಲ್ಲಿ ಚಪ್ಪಾಳೆ ಹೊಡೆಯಲು ನಮ್ಮ ಕೈ ಏಳುವುದಿಲ್ಲ. ಎರಡು ಸಾವುಗಳ ಜಾಗ ಅದಲು ಬದಲು ಮಾಡಿ ನೋಡಿ, ಅದೇ ಘಟನೆಗಳಿಂದ ಮಾಸ್ ಸಿನಿಮಾ ಆಗಿಬಿಡುತ್ತದೆ.

ಇನ್ನೊಬ್ಬ ಹುಡುಗ, ನಮ್ಮ ಊರಿನ ಮೇಲೆ ಇಂಥ ಕಿರುಚಿತ್ರ ಮಾಡಬೇಕು, ಎಲ್ಲಿಂದ ಶುರು ಮಾಡಲಿ ಎಂದ. ಇನ್‌ಸ್ಪೆಕ್ಟರ್‌ನನ್ನು ಬಿಡು ಎಂದೆ. ಠಾಣೆಯ ರೈಟರ್‌ನನ್ನು ಹಿಡಿ. ಡೈರಿ ಬರೆಯುವವನು, ಮಹಜರಿನ ಪ್ರತಿ ತಯಾರಿಸುವವನು, ಪಂಚರ ಸಹಿ ಎಲ್ಲಿ ಎಂದು ತೋರಿಸುವವನು. ಹೊಡೆಯುವುದಿಲ್ಲ, ದೊಡ್ಡ ಲಂಚ ಮುಟ್ಟುವುದಿಲ್ಲ. ಹೇಳಿದ್ದನ್ನು ಬರೆಯುತ್ತಾನೆ ಅಷ್ಟೇ. ಸುಳ್ಳಿನ ಪ್ರತಿ ಅಕ್ಷರ ಅವನ ಕೈಬರಹದಲ್ಲೇ ಇರುತ್ತದೆ, ಕೋರ್ಟಿನಲ್ಲಿ ಪ್ರಶ್ನೆ ಎದ್ದರೆ ಮೊದಲು ಸಿಕ್ಕಿಬೀಳುವವನೂ ಅವನೇ. ಸಾಹೇಬರು ಜಪ್ತಿ ಆಗಿದ್ದು ಸಂಜೆ ಆರಕ್ಕೆ ಎಂದು ಬರೆಸುತ್ತಾರೆ. ಅವನು ಆ ವಸ್ತುವನ್ನು ಮಧ್ಯಾಹ್ನವೇ ಠಾಣೆಯ ಕಪಾಟಿನಲ್ಲಿ ನೋಡಿದ್ದಾನೆ. ಹುಡುಗನಿಗೆ ಇಷ್ಟು ಹೇಳಿದೆ. ಮುಂದಿನ ದೃಶ್ಯ ಏನು ಎಂದು ಅವನೇ ಹೇಳಲು ಶುರು ಮಾಡಿದ, ಹಾಲ್ ಬಾಗಿಲು ಹಾಕುವವರು ಬರುವವರೆಗೂ ಹೇಳುತ್ತಲೇ ಇದ್ದ.